ಗುಡ್ಡದ ಹೂಂ

ಕಿಟಕಿಯ ಕೆಳಗೆ ಒಂದು ಮೇಜು. ಮೇಜಿನ ಮೇಲೆ, ತೊಳೆದು ಬೋರಲು ಹಾಕಿದ ಒಂದು ಸ್ಟೀಲಿನ ತಾಟು. ಅದರ ಅಂಚಿನಿಂದ ಇಳಿದ ನೀರು ಮರದ ಮೇಲೆ ಬಿದಿಗೆಯ ಚಂದ್ರನಂತೆ ಬಾಗಿ ನಿಂತಿದೆ, ಇನ್ನೂ ಆರಿಲ್ಲ. ತಾಟಿನ ಪಕ್ಕದಲ್ಲಿ ಬೂದುಬಣ್ಣದ ರೇಡಿಯೋ ಸೆಟ್ಟು. ಅದರ ಗಾಜಿನ ಹಿಂದೆ ಕಿತ್ತಳೆ ಬಣ್ಣದ ಅಂಕಿಗಳು. ಸೆಟ್ಟಿನಿಂದ ಹೊರಟ ಸುರುಳಿ ಸುರುಳಿಯಾದ ಕರಿಯ ತಂತಿ ಮೇಜಿನ ಅಂಚಿನಲ್ಲೊಮ್ಮೆ ಜೋತುಬಿದ್ದು, ಮತ್ತೆ ಮೇಲೆದ್ದು, ಒಂದು ಮೈಕಿನಲ್ಲಿ ಮುಗಿಯುತ್ತದೆ. ಮೈಕಿನ ಸುತ್ತ ಒಂದು ಮುದಿ ಕೈ. ಹೆಬ್ಬೆರಳು ಗುಂಡಿಯ ಮೇಲಿದೆ, ಒತ್ತಿಲ್ಲ. ಕಿಟಕಿಯಾಚೆ ನಿಪ್ಪಾಣಿಯ ತಂಬಾಕಿನ ಗೋದಾಮುಗಳ ತಗಡಿನ ಚಾವಣಿ. ಅದರ ಏಣುಗಳ ಮೇಲೆ ಸಂಜೆಯ ಬೆಳಕು, ಹೊರಡುವ ಮೊದಲು ಒಂದು ಗಳಿಗೆ ಕುಳಿತವರಂತೆ, ಸಾಲಾಗಿ ಕುಳಿತಿದೆ. ಕೋಣೆಯಲ್ಲಿ ಯಾವುದೂ ಅಲುಗುವುದಿಲ್ಲ.

ಆಮೇಲೆ ಹೆಬ್ಬೆರಳು ಒತ್ತಿತು. ಅದೇ ಉಸಿರಿನಲ್ಲಿ ಬಿಟ್ಟಿತು. ಸೆಟ್ಟಿನೊಳಗೆ ದೂರದ ಗಾಳಿಯಂಥ ಒಂದು ಸದ್ದು ತೆರೆದುಕೊಂಡಿತು. ಅದರ ನಡುವೆ ಎರಡು ಸ್ವರದ ಒಂದು ತಗ್ಗಿದ ದನಿ ಮೂಡಿ ಅಳಿಯಿತು. ಟಪ್ ಎಂದು ಗಾಳಿ ಮುಚ್ಚಿಕೊಂಡಿತು. ಪಾರಿಸ ಮೈಕನ್ನು ಮೇಜಿನ ಮೇಲಿಟ್ಟ. ಆ ಸಂಜೆಗೆ ಅವನಿಗೆ ಬೇಕಾಗಿದ್ದದ್ದು ಸಿಕ್ಕಿತ್ತು.

ತವಂದಿ ಘಾಟಿನ ಪಕ್ಕದ ಗುಡ್ಡದ ನೆತ್ತಿಯಲ್ಲಿ ಒಂದು ಕಲ್ಲಿನ ಕೋಣೆ, ಕೋಣೆಯ ಪಕ್ಕದಲ್ಲೊಂದು ಎತ್ತರದ ಕಂಬ. ಒಳಗಿರುವ ಯಂತ್ರಕ್ಕೆ ರಿಪೀಟರ್ ಎಂದು ಹೆಸರು. ಹವ್ಯಾಸಕ್ಕಾಗಿ ರೇಡಿಯೋ ಇಟ್ಟುಕೊಂಡವರು, ತಮ್ಮನ್ನು ಹ್ಯಾಮ್ ಎಂದು ಕರೆದುಕೊಳ್ಳುವವರು, ಕೆಳಗಿನ ಬಯಲಿನಲ್ಲಿ ಎಲ್ಲೋ ಕುಳಿತು ಸಣ್ಣ ಸೆಟ್ಟಿನಲ್ಲಿ ಆಡಿದ ಮಾತನ್ನು ಅದು ಕೇಳಿಸಿಕೊಂಡು, ಅದೇ ಗಳಿಗೆಯಲ್ಲಿ ದೊಡ್ಡ ದನಿಯಲ್ಲಿ ತಾನೂ ಆಡುತ್ತದೆ. ನಿಪ್ಪಾಣಿಯಲ್ಲಿ ಆಡಿದ್ದು ಅಥಣಿಯಲ್ಲಿ ಕೇಳುತ್ತದೆ. ಕಾಗವಾಡದ ದ್ರಾಕ್ಷಿ ತೋಟದಲ್ಲಿ ಕೆಮ್ಮಿದ್ದು ರಾಯಬಾಗದ ಪಡಸಾಲೆಯಲ್ಲಿ ಕೇಳುತ್ತದೆ. ಮಾತು ಮುಗಿಸಿ ಗುಂಡಿ ಬಿಟ್ಟೊಡನೆ, ಯಂತ್ರವನ್ನು ಆಳುವ ಕಂಟ್ರೋಲರ್ ಎಂಬ ಪೆಟ್ಟಿಗೆ ಎರಡು ಸ್ವರದ ಒಂದು ಸದ್ದು ಮಾಡುತ್ತದೆ. ಇವರದಾಯಿತು, ಇನ್ನೊಬ್ಬರು ಶುರುಮಾಡಬಹುದು ಎಂಬ ಸೌಜನ್ಯದ ಸೂಚನೆ ಅದು. ಕತೆ ಹೇಳುವವರಿಗೆ ಕೇಳುವವರು ನಡುನಡುವೆ ಹೂಂ ಎನ್ನುವುದಿಲ್ಲವೆ, ಹಾಗೆ. ರಾಯಬಾಗದ ಜಕ್ಕಪ್ಪ ಅದಕ್ಕೆ ‘ಗುಡ್ಡದ ಹೂಂ’ ಎಂದು ಹೆಸರಿಟ್ಟಿದ್ದ. ಹೆಸರು ನಿಂತುಹೋಗಿತ್ತು.

ಕೃಷ್ಣೆ ಅಂಕಲಿಯ ಹೊಲಗಳಿಗೆ ನುಗ್ಗಿ, ಮೊಬೈಲಿನ ಟವರುಗಳು ಒಂದರ ಹಿಂದೊಂದು ಮೂಕವಾದ ಮಳೆಗಾಲದಲ್ಲಿ ಈ ಹ್ಯಾಮ್‌ಗಳ ಕೂಟ ಹುಟ್ಟಿತ್ತು. ದೋಣಿ ಎಲ್ಲಿದೆ, ಔಷಧ ಎಲ್ಲಿಗೆ ಬೇಕು, ಯಾವ ಮನೆಯ ಮಾಳಿಗೆಯ ಮೇಲೆ ಎಷ್ಟು ಜನ ಕುಳಿತಿದ್ದಾರೆ, ಎಲ್ಲವೂ ಆಗ ಈ ಗುಡ್ಡದ ಬಾಯಿಂದಲೇ ಹೋಗಬೇಕಾಗಿತ್ತು. ರಿಪೀಟರಿನ ಪರವಾನಗಿ ಯಾರಾದರೊಬ್ಬರ ಹೆಸರಿನಲ್ಲಿರಬೇಕು, ಕೋಣೆಯ ಚಾವಿ ಯಾರದಾದರೂ ಕೈಯಲ್ಲಿರಬೇಕು. ಸಕ್ಕರೆ ಕಾರ್ಖಾನೆಯೊಂದರ ಮೀಟರು ವಿಭಾಗದಲ್ಲಿ ದುಡಿದು ನಿವೃತ್ತನಾದ, ಮದುವೆಯ ಮಾತು ಬಂದಾಗಲೆಲ್ಲ ನಕ್ಕು ಆ ಮಾತು ಬರುವ ವಯಸ್ಸನ್ನೇ ದಾಟಿಬಿಟ್ಟ ಪಾರಿಸನಿಗೆ ಎರಡೂ ಬಂದವು. ಹೊಳೆ ಇಳಿಯಿತು. ಟವರುಗಳು ಎದ್ದವು. ಕೂಟದವರು ನಿಧಾನವಾಗಿ ವಾಟ್ಸಾಪಿಗೆ ಹೋದರು. ಅಲ್ಲಿ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರಗಳು ಬೀಳುತ್ತಿದ್ದವು. ಗುಡ್ಡದ ಮೇಲಿನ ಯಂತ್ರ ಮಾತ್ರ, ಹೇಳುವವರಿಲ್ಲದ ಊರಿನಲ್ಲಿ ಕೇಳುವವನೊಬ್ಬ ಉಳಿದಂತೆ, ಕಿವಿ ತೆರೆದುಕೊಂಡು ಕುಳಿತಿತ್ತು.

ಜೈನರ ಮನೆಯಲ್ಲಿ ಹುಟ್ಟಿದ ಪಾರಿಸನ ಊಟ ಸೂರ್ಯ ಮುಳುಗುವ ಮೊದಲೇ ಮುಗಿಯುತ್ತಿತ್ತು. ತುಂಬಿದ ಮನೆಗಳಲ್ಲಿ ಆ ಪದ್ಧತಿ ಸಂಜೆಯನ್ನು ಹಗುರಮಾಡುತ್ತದೆ. ಒಬ್ಬನೇ ಇರುವ ಕೋಣೆಯಲ್ಲಿ ಅದು ಸಂಜೆಯನ್ನು ಉದ್ದಮಾಡುತ್ತದೆ. ಅಡುಗೆಯಿಲ್ಲ, ಊಟದ ದಾರಿ ಕಾಯುವುದಿಲ್ಲ, ತೊಳೆಯಲು ಇನ್ನೊಂದು ತಾಟಿಲ್ಲ. ಅಂಥ ಒಂದು ಸಂಜೆ ಅವನು ಮೈಕು ತೆಗೆದುಕೊಂಡು ನಿಯಮದ ಪ್ರಕಾರ ತನ್ನ ಕರೆಸಂಕೇತ, ಎಂದರೆ ರೇಡಿಯೋದಲ್ಲಿನ ತನ್ನ ಹೆಸರು, ಹೇಳಿ, “ಯಾರರ ಅದೀರೇನ್ರಿ?” ಎಂದು ಕೇಳಿದ್ದ. ಗುಡ್ಡ ಹೂಂ ಎಂದಿತು. ಆಮೇಲೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಕರೆದ. ತನ್ನ ದನಿ ಐದು ತಾಲೂಕುಗಳ ಮೇಲೆ ಹರಡಿ, ಎಲ್ಲಿಯೂ ತಾಗದೆ ಹೋದದ್ದು ಅವನಿಗೆ ಕೇಳಿಸಿತು. ಸೆಟ್ಟು ಚಾಲೂ ಇದ್ದ ಯಾವುದೋ ಮನೆಯಲ್ಲಿ, ಯಾವುದೋ ಕೆಲಸದ ನಡುವೆ, ಯಾರೋ ಒಬ್ಬರಾದರೂ ಕೇಳಿಸಿಕೊಂಡಿರಬೇಕು: ಪಾರಿಸ ಕರೆಯುತ್ತಿದ್ದಾನೆ, ಅವನಿಗೆ ಯಾರೂ ಓಗೊಡಲಿಲ್ಲ. ಏಕಾಂತವನ್ನು ಅವನು ಬಲ್ಲ. ಅದನ್ನು ಐದು ತಾಲೂಕಿಗೆ ಸಾರುವುದು ಬೇರೆ.

ಮರುದಿನದಿಂದ ಅವನು ಮಾತಾಡಲಿಲ್ಲ. ಗುಂಡಿ ಒತ್ತಿ ಬಿಟ್ಟ, ಅಷ್ಟೆ. ಹೆಸರು ಹೇಳದೆ ಹಾಗೆ ಒತ್ತುವುದು ತಪ್ಪು. ಹೊಸಬರಿಗೆ ಅದನ್ನು ಮಾಡಬೇಡಿರೆಂದು ಕಲಿಸಿದವನೇ ಅವನು. ಆದರೆ ಮಾತಿಲ್ಲದ ಒತ್ತು ಯಾರನ್ನೂ ಏನನ್ನೂ ಕೇಳುವುದಿಲ್ಲ. ಆದ್ದರಿಂದ ಯಾರೂ ಇಲ್ಲವೆನ್ನಲಾರರು. ಗುಡ್ಡ ಮಾತ್ರ ಹೂಂ ಎನ್ನುತ್ತದೆ, ಎಲ್ಲರಿಗೂ ಎನ್ನುವಂತೆ. ಅದರಲ್ಲಿ ಕರುಣೆಯಿರಲಿಲ್ಲ. ಕರುಣೆಯಿಲ್ಲದ್ದರಿಂದಲೇ ಅದು ಅವನಿಗೆ ಹಿಡಿಸಿತ್ತು.

ವಾರಕ್ಕೊಮ್ಮೆಯಾದರೂ ಸೆಟ್ಟಿನಲ್ಲಿ ಸೇರೋಣವೆಂದು ಇನ್ನೂ ಹಟ ಹಿಡಿದವರು ಮೂವರು: ಪಾರಿಸ, ರಾಯಬಾಗ ತಾಲೂಕಿನ ಅಲಖನೂರಿನಲ್ಲಿ ಕಬ್ಬು ಬೆಳೆಯುವ ಜಕ್ಕಪ್ಪ, ಚಿಕ್ಕೋಡಿಯ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಸೌಂದರ್ಯಾ. ಒಂದು ಬುಧವಾರ ಜಕ್ಕಪ್ಪ ಗಂಟಲು ಸರಿಮಾಡಿಕೊಂಡು ಶುರುಮಾಡಿದ:

“ಪಾರಿಸಣ್ಣ, ಒಂದ ತಕರಾರ ಐತಿ. ದಿನಾ ಹೊತ್ತ ಮುಳಗೂ ಹೊತ್ತಿಗೆ ಯಾವನೋ ಒಬ್ಬಾಂವ ಗುಂಡಿ ಒತ್ತತಾನ, ಬಿಡತಾನ. ಹೆಸರಿಲ್ಲ, ಮಾತಿಲ್ಲ. ನಾ ಚಾ ಬಶಿ ಬಾಯಿಗೆ ಹಚ್ಚೂದಕ್ಕ ಬರೋಬರ್ ಗುಡ್ಡ ಹೂಂ ಅಂತೈತಿ. ಬಾಗಲಾ ಬಡದು ಓಡಿ ಹೋಗೂ ಪೋರಗೋಳ ಆಟ ಆತಲ್ಲೋ ಇದು!”

“ನಿಮ್ಮ ಕಬ್ಬಿನ ಪುರಾಣಕ್ಕ ಬ್ಯಾಸತ್ತು ಯಾರೋ ಮುಂಗಡ ಹೂಂ ಅಂದಿರ್ತಾರ ಬಿಡ್ರಿ ಕಾಕಾ,” ಎಂದಳು ಸೌಂದರ್ಯಾ.

“ನಗವಾ, ನಗು. ನಾ ಮೂರ ಮಿನಿಟ್ ಮಾತಾಡಿದ್ರ ಯಂತ್ರ ನನ್ನ ಬಾಯಿ ಮುಚ್ಚಸತೈತಿ. ಅಂವನ್ನ ಕೇಳಾವ್ರ ಇಲ್ಲ. ಅಂವಗ ನಾ ಚಿಟಕ್ಯಾ ಅಂತ ಹೆಸರ ಇಟ್ಟೇನಿ. ಚಿಟಕ್ಯಾನ್ನ ಹಿಡದ ಕೊಟ್ಟವ್ರಿಗೆ ನನ್ನ ಗಾಣದ ಒಂದ ಪೆಂಟಿ ಬೆಲ್ಲ!”

ಪಾರಿಸ ಗುಂಡಿ ಒತ್ತಿದ. “ವಿಚಾರ ಮಾಡೂನು,” ಎಂದ. ತನ್ನ ದನಿ ಕಾರ್ಖಾನೆಯ ನೋಟೀಸಿನಂತೆ ಒಣಗಿದ್ದದ್ದು ಅವನಿಗೇ ತಿಳಿಯಿತು.

“ವಿಚಾರ ಯಾಕ್ರಿ, ಔಷಧ ಬಂದೈತಿ,” ಎಂದಳು ಸೌಂದರ್ಯಾ. “ಕಂಟ್ರೋಲರ್ ಮಾಡಿದವ್ರು ಹೊಸಾ ಫರ್ಮ್‌ವೇರ್ ಬಿಟ್ಟಾರ.”

ಫರ್ಮ್‌ವೇರ್ ಎಂದರೆ ಆ ಪೆಟ್ಟಿಗೆಯೊಳಗೇ ಬರೆದಿಟ್ಟ ಆದೇಶಗಳ ಕಟ್ಟು. ಏನು ಕೇಳಿದರೆ ಏನು ಮಾಡಬೇಕೆಂಬುದು ಪೆಟ್ಟಿಗೆಗೆ ಅದರಿಂದ ತಿಳಿಯುತ್ತದೆ. ಹಳೆಯದರ ಜಾಗದಲ್ಲಿ ಹೊಸದನ್ನು ಬರೆದರೆ, ಪೆಟ್ಟಿಗೆ ಅದೇ, ಸ್ವಭಾವ ಬೇರೆ. ಹೊಸದರಲ್ಲಿ ಏನೇನಿದೆ ಎಂದು ಅವಳು ಉತ್ಸಾಹದಿಂದ ಹೇಳಿದಳು. ಕರೆಂಟು ಹೋಗಿ ಯಂತ್ರ ಬ್ಯಾಟರಿಯ ಮೇಲೆ ಓಡುತ್ತಿದ್ದರೆ ಹೂಂ ಎನ್ನುವ ಸ್ವರವೇ ಬದಲಾಗುತ್ತದೆ. ಬ್ಯಾಟರಿ ಎಷ್ಟು ಉಳಿದಿದೆ ಎಂದು ಕೇಳಿದರೆ ಯಂತ್ರವೇ ಹೇಳುತ್ತದೆ. ಬಂದ ಪ್ರತಿಯೊಂದು ಒತ್ತು ಎಷ್ಟು ಉದ್ದವಿತ್ತು, ಅದರ ಸಿಗ್ನಲ್ ಎಷ್ಟು ಬಲವಾಗಿತ್ತು ಎಂದು ಲ್ಯಾಪ್‌ಟಾಪಿನಲ್ಲಿ ಕಾಣುತ್ತದೆ.

“ಮತ್ತ ಚಿಟಕ್ಯಾಗ ಅಂತನಽ ಒಂದ ಸೋಸಣಿಗಿ ಐತಿ. ಇಷ್ಟ ಹೊತ್ತಿಗಿಂತ ಸಣ್ಣ ಒತ್ತು ಬಂದ್ರ ಯಂತ್ರ ಏಳಂಗಽ ಇಲ್ಲ. ಮಾತಾಡವ್ರಿಗೆ ತ್ರಾಸ ಇಲ್ಲ. ಸುಮ್ಮನ ಒತ್ತಾಂವಗ ಹೂಂ ಇಲ್ಲ.”

“ಭಲೇ!” ಎಂದ ಜಕ್ಕಪ್ಪ. “ಹಾಕ್ರಿ ಅದನ್ನ.”

“ಸದ್ಯ ನಡ್ಯಾಕತ್ತೈತಿ,” ಎಂದ ಪಾರಿಸ. “ನಡಿಯೂದಕ್ಕ ಕೈ ಹಚ್ಚಬಾರದು.”

ಆ ಮಾತು ಸ್ವಲ್ಪ ದಿನ ನಡೆಯಿತು. ಆಮೇಲೆ ಒಂದು ಗಾಳಿಮಳೆಗೆ ಗುಡ್ಡದ ಮೇಲಿನ ಕರೆಂಟು ಹೋಗಿ, ಬ್ಯಾಟರಿ ಯಾರಿಗೂ ಹೇಳದೆ ಬರಿದಾಗಿ, ಯಂತ್ರ ಸತ್ತು ಬಿದ್ದಿತು. ವಾಟ್ಸಾಪಿನಲ್ಲಿ ಗುಲಾಬಿಗಳು ಎಂದಿನಂತೆ ಅರಳಿದವು. ಗುಡ್ಡ ಉಸಿರಾಡುತ್ತಿಲ್ಲವೆಂದು ಗೊತ್ತಾದದ್ದು ಸಂಜೆ ಗುಂಡಿ ಒತ್ತಿದ ಪಾರಿಸನೊಬ್ಬನಿಗೆ. ಮರುದಿನ ಬೆಳಿಗ್ಗೆ ಗುಡ್ಡ ಹತ್ತಿ ಅದನ್ನು ಎಬ್ಬಿಸಿಬಂದು ಕೂಟಕ್ಕೆ ತಿಳಿಸಿದ ಮೇಲೆ ಸೌಂದರ್ಯಾ ಫೋನು ಮಾಡಿದಳು: “ಹೊಸದು ಇದ್ದಿದ್ರ ಮೊದಲಽ ಹೇಳತಿತ್ತ್ರಿ ಕಾಕಾ. ಹೊಳಿ ಬಂದ ಹೊತ್ತಿನ್ಯಾಗ ಹಿಂಗಾದ್ರ ಹೆಂಗ?” ಪಾರಿಸನಲ್ಲಿದ್ದ ಉತ್ತರ ಹೇಳುವಂಥದ್ದಲ್ಲ. ಭಾನುವಾರ ಹೋಗುವುದೆಂದಾಯಿತು.

ಪಾರಿಸ ಬಸ್ಸಿನಲ್ಲಿ ಘಾಟಿಗೆ ಬಂದು, ಉಳಿದದ್ದನ್ನು ನಡೆದು ಹತ್ತಿದ. ಸೌಂದರ್ಯಾ ಮಗಳನ್ನು ಕರೋಶಿಯ ತವರಿನಲ್ಲಿ ಬಿಟ್ಟು ಸ್ಕೂಟರಿನಲ್ಲಿ ಬಂದಳು. ಕಬ್ಬಿಣದ ಬಾಗಿಲು ತೆರೆದಾಗ ಒಳಗಿನ ಬಿಸಿ ಗಾಳಿ, ಬ್ಯಾಟರಿಯ ಹುಳಿವಾಸನೆಯೊಡನೆ, ಮುಖಕ್ಕೆ ಬಂತು. ಯಂತ್ರದ ಮುಂಭಾಗದಲ್ಲಿ ಎರಡು ದೀಪಗಳು: ಯಾರದಾದರೂ ಸೆಟ್ಟಿನ ಸಿಗ್ನಲ್ ಬಂದು ತಲುಪಿದರೆ ಹಸಿರು, ಯಂತ್ರ ತಾನು ಬಾಯಿ ತೆರೆದಾಗ ಕೆಂಪು. ಈಗ ಎರಡೂ ಮಲಗಿದ್ದವು.

ಕೆಲಸ ಅಂದುಕೊಂಡದ್ದಕ್ಕಿಂತ ಉದ್ದವಾಯಿತು. ಹಳೆಯ ಹೊಂದಿಕೆಗಳನ್ನೆಲ್ಲ ಉಳಿಸಿಟ್ಟು, ಹೊಸ ಫರ್ಮ್‌ವೇರನ್ನು ತುಂಬಿದರೆ, ಹೊಸದಕ್ಕೆ ಹಳೆಯದರ ಭಾಷೆ ತಿಳಿಯಲಿಲ್ಲ. ಎಲ್ಲವನ್ನೂ ಮತ್ತೆ ಒಂದೊಂದಾಗಿ ಹೇಳಿಕೊಡಬೇಕಾಯಿತು. ಎಷ್ಟು ಹೊತ್ತಿಗೊಮ್ಮೆ ತನ್ನ ಹೆಸರನ್ನು ಮೋರ್ಸ್ ಸಂಕೇತದಲ್ಲಿ ಮಿಡಿಯಬೇಕು, ಮಾತು ನಿಂತ ಮೇಲೆ ಎಷ್ಟು ಹೊತ್ತು ತೆರೆದಿರಬೇಕು, ಜಕ್ಕಪ್ಪನಂಥವರನ್ನು ಯಾವಾಗ ತಡೆಯಬೇಕು.

“ಜಕ್ಕಪ್ಪ ಕಾಕಾನ ಸಲುವಾಗಿ ನಾಕ ಮಿನಿಟ್ ಮಾಡೂನೇನ್ರಿ?”

“ಬ್ಯಾಡವಾ. ನಾಕ ಕೊಟ್ರ ಐದ ಕೇಳತಾನ.”

ಅವಳು ನಕ್ಕಳು. ಪಾರಿಸನೂ ನಕ್ಕ. ಸ್ವರಗಳನ್ನು ಆರಿಸುವಾಗ ಅವಳು ಹೊಸದೊಂದನ್ನು ಕೇಳಿಸಿದಳು, ದೇವಸ್ಥಾನದ ಸಣ್ಣ ಗಂಟೆಯಂಥದ್ದು. ಅವನು ತಲೆ ಅಲ್ಲಾಡಿಸಿದ. ಹಳೆಯ ಎರಡು ಸ್ವರಗಳೇ ಉಳಿದವು. ಹೊತ್ತು ಇಳಿಯುವುದನ್ನು ನೋಡಿ ಅವನು ಡಬ್ಬಿ ತೆರೆದು, ಹೊರಗಿನ ಕಲ್ಲಿನ ಮೇಲೆ ಕುಳಿತು, ದಪಾಟಿ ಮತ್ತು ಶೇಂಗಾ ಚಟ್ನಿ ತಿಂದು ಕೈತೊಳೆದ. ಕೆಳಗೆ ನಿಪ್ಪಾಣಿಯ ತಗಡುಗಳು ಮಂಕಾಗುತ್ತಿದ್ದವು. ಪೂರ್ವಕ್ಕೆ ಕಬ್ಬಿನ ಬಯಲು, ಅದರಾಚೆ ಎಲ್ಲೋ ಹೊಳೆ. ಇಲ್ಲಿಂದ ನೋಡಿದರೆ ಎಲ್ಲ ಊರುಗಳೂ ಒಂದಕ್ಕೊಂದು ಕೂಗಳತೆಯಲ್ಲಿರುವಂತೆ ಕಾಣುತ್ತವೆ.

ಅವನು ಒಳಗೆ ಬಂದಾಗ ಯಂತ್ರ ಚಾಲೂ ಆಗಿತ್ತು. ಉಳಿದದ್ದು ಒಂದೇ, ಆ ಸೋಸಣಿಗೆ.

“ಎಷ್ಟಕ್ಕ ಇಡಬೇಕು ಅನ್ನೂದು ಗೊತ್ತಾಗಬೇಕಲ್ರಿ,” ಎಂದಳು ಸೌಂದರ್ಯಾ. “ಭಾಳ ಉದ್ದ ಇಟ್ರ ಪಾಪ, ಮಾತಾಡವ್ರ ಮೊದಲನೇ ಶಬ್ದಾ ನುಂಗತೈತಿ. ಒಂದ ಕೆಲಸಾ ಮಾಡೂನು. ಚಿಟಕ್ಯಾ ಬರೂ ಹೊತ್ತ ಆತು. ಅಂವ ಒಮ್ಮೆ ಒತ್ತಲಿ. ಅಂವನ ಒತ್ತು ಎಷ್ಟ ಉದ್ದ ಐತಿ ಇಲ್ಲಿ ಕಾಣತೈತಿ. ಅದಕ್ಕಿಂತ ತುಸು ಮ್ಯಾಲ ಇಟ್ಟ ಬಿಡೂನು.”

ಅವಳು ಜಕ್ಕಪ್ಪನಿಗೂ ಇದನ್ನು ಹೇಳಿದಳು. ಅವನು ಅಲಖನೂರಿನ ತೋಟದ ಮನೆಯಲ್ಲಿ ಚಹಾ ಬಶಿಯೊಡನೆ ಕಾದು ಕುಳಿತ. ಮೂವರೂ ಕಾದರು. ಹಸಿರು ದೀಪ ಕತ್ತಲೆಯ ಬಣ್ಣದಲ್ಲೇ ಇತ್ತು. ಕಲ್ಲಿನ ಗೋಡೆಯ ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ತುಂಡು ಮೇಲಕ್ಕೆ ಏರಿ, ಚಾವಣಿಗೆ ತಾಗಿ, ಇಲ್ಲವಾಯಿತು.

“ಬಂದ್ನೇನ್ರಿ ನಿಮ್ಮ ಅಳಿಯಾ?” ಎಂದ ಜಕ್ಕಪ್ಪ ಸೆಟ್ಟಿನಲ್ಲಿ.

“ಇಲ್ರಿ ಕಾಕಾ. ಇವತ್ತ ಐತವಾರ, ಸೂಟಿ ಹಾಕ್ಯಾನೇನೋ.”

“ಎಲ್ಲೀ ಸೂಟಿ? ಹೋದ ಐತವಾರ ಬಂದಾನ, ದಸರಾಕ್ಕ ಬಂದಾನ, ದೀಪಾವಳಿಗಿ ಬಂದಾನ. ನೋಡು, ನೀವಿಬ್ರೂ ಗುಡ್ಡದ ಮ್ಯಾಲ ಕುಂತೀರಿ, ಚಿಟಕ್ಯಾ ನಾಪತ್ತೆ! ಖರೇ ಹೇಳ ಸೌಂದರ್ಯಾ, ನೀನಽ ಏನವಾ ಅದು?”

“ಹೌದ್ರಿ, ನಾನಽ. ಬೆಲ್ಲಾ ತಯಾರ ಇಡ್ರಿ.”

“ಇಲ್ಲಾಂದ್ರ ಪಾರಿಸಣ್ಣ ಇರಬೇಕು!” ಎಂದು ಜಕ್ಕಪ್ಪ ತನ್ನ ಹಾಸ್ಯಕ್ಕೆ ತಾನೇ ಮನಸಾರೆ ನಕ್ಕ. ಸೌಂದರ್ಯಾಳೂ ನಕ್ಕಳು. ಗುಡ್ಡ ಹೂಂ ಎಂದಿತು.

ಪಾರಿಸ ಎದ್ದು ನಿಂತ. “ಕಂಬದ ತಂತಿ ಬಿಗಿ ಐತೇನ ನೋಡಿ ಬರ್ತೀನಿ,” ಎಂದು ತನ್ನ ಕೈಚೀಲವನ್ನು ಹೆಗಲಿಗೇರಿಸಿ ಹೊರಗೆ ಹೋದ.

ಅವನಿಗೆ ಯೋಚಿಸಲು ಹೊತ್ತಿರಲಿಲ್ಲ. ನಗೆಯೊಳಗೆ ಬಂದ ಮಾತು ನಗೆ ಆರಿದ ಮೇಲೆ ಉಳಿದುಕೊಳ್ಳುತ್ತದೆ ಎಂಬುದಷ್ಟೇ ಅವನಿಗೆ ಗೊತ್ತಿತ್ತು. ಚಿಟಕ್ಯಾ ಇವತ್ತು ಬರಲೇಬೇಕು, ತಾನು ಗುಡ್ಡದ ಮೇಲಿರುವಾಗಲೇ ಬರಬೇಕು. ಚೀಲದಲ್ಲಿ ಅವನ ಕೈಸೆಟ್ಟಿತ್ತು. ಒತ್ತಿನ ಬಲವೂ ಲ್ಯಾಪ್‌ಟಾಪಿನಲ್ಲಿ ಕಾಣುತ್ತದೆ ಎಂಬುದನ್ನು ಅವನು ಮರೆತಿರಲಿಲ್ಲ. ಆದ್ದರಿಂದಲೇ, ಕಂಬದ ಹಿಂದೆ ನಿಂತು, ಕೈಸೆಟ್ಟಿನ ನೆತ್ತಿಯ ಮೇಲಿದ್ದ ಬೆರಳುದ್ದದ ಆಂಟೆನಾವನ್ನು ತಿರುಚಿ ಬಿಚ್ಚಿ ಎಡಗೈಯಲ್ಲಿ ಹಿಡಿದ. ಆಂಟೆನಾ ಇಲ್ಲದ ಸೆಟ್ಟಿನ ದನಿ ಸೋಲುತ್ತದೆ. ಎಲ್ಲೋ ಕಾಗವಾಡದ ಆಚೆಯಿಂದ ಬಂದಂತೆ ಕಾಣುತ್ತದೆ. ಹಾಗೆಂದುಕೊಂಡು ಗುಂಡಿ ಒತ್ತಿ ಬಿಟ್ಟ.

ಗುಡ್ಡ ಹೂಂ ಎಂದಿತು. ಬಾಗಿಲ ಸಂದಿಯಿಂದ ಜಕ್ಕಪ್ಪನ ಕೇಕೆ ಕೇಳಿಸಿತು: “ಬಂದಾ! ಬಂದಾ ನೋಡ್ರಿ ಚಿಟಕ್ಯಾ! ನೂರ ವರ್ಷ ಆಯುಷ್ಯ ಲೇ ನಿನಗ!”

ಆಗ ಅವನಿಗೆ ತನ್ನ ತಪ್ಪು ತಿಳಿಯಿತು. ಬಯಲಿನಲ್ಲಿ ನಿಂತವನಿಗೆ ಸರಿಯಾದ ಲೆಕ್ಕ ಕಂಬದ ಬುಡದಲ್ಲಿ ನಿಂತವನಿಗೆ ಸರಿಯಲ್ಲ. ಇಷ್ಟು ಹತ್ತಿರದಲ್ಲಿ ಆಂಟೆನಾ ಇದ್ದರೇನು, ಇಲ್ಲದಿದ್ದರೇನು. ಕಿವಿಗೆ ಬಾಯಿಟ್ಟು ಪಿಸುಗುಟ್ಟಿದರೂ ಕೂಗೇ. ಇಷ್ಟು ವರ್ಷ ಈ ಯಂತ್ರವನ್ನು ಸಾಕಿದವನಿಗೆ ಅದು ಆ ಒಂದು ಗಳಿಗೆ ಹೊಳೆದಿರಲಿಲ್ಲ. ಅವನು ಬಾಗಿಲ ಬಳಿಗೆ ಬಂದ. ಲ್ಯಾಪ್‌ಟಾಪಿನ ಪರದೆಯ ಮೇಲೆ ಹೊಸದೊಂದು ಸಾಲು ಮೂಡಿತ್ತು. ಬಲವನ್ನು ತೋರಿಸುವ ಹಸಿರು ಪಟ್ಟಿ ಪರದೆಯ ಅಂಚಿನವರೆಗೂ ಚಾಚಿ, ಅಲ್ಲಿಂದ ಮುಂದೆ ಜಾಗವಿಲ್ಲದ್ದರಿಂದ ನಿಂತಿತ್ತು.

ಸೌಂದರ್ಯಾ ಅದನ್ನೇ ನೋಡುತ್ತಿದ್ದಳು.

“ಎಲ್ಲಿಂದ ಬಂದೈತ್ರಿ? ಎಷ್ಟ ಬಲಾ ಐತಿ? ಹೇಳ್ರಿ ಲಗೂನ!” ಎಂದ ಜಕ್ಕಪ್ಪ.

ಅವಳು ಮೈಕು ತೆಗೆದುಕೊಂಡಳು. “ಭಾಳ ಹಗೂರ ಐತ್ರಿ ಕಾಕಾ,” ಎಂದಳು. “ದೂರಿಂದ ಬಂದಿರಬೇಕು. ಗೊತ್ತಾಗಲಿಲ್ಲ.”

“ಹೋಗ್ಗೋ! ಇರ್ಲಿ, ಅಳತಿ ಸಿಕ್ತಲ್ಲ? ಹಾಕ್ರಿ ಬೀಗಾ.” ಚಹಾ ಆರುತ್ತಿದೆಯೆಂದು ಜಕ್ಕಪ್ಪ ಹೊರಟುಹೋದ.

ಅವಳು ತಿರುಗಿ, ಬಾಗಿಲಲ್ಲಿ ನಿಂತವನನ್ನು ನೋಡಿದಳು. ಒಂದು ಕೈಯಲ್ಲಿ ಸೆಟ್ಟು, ಇನ್ನೊಂದರಲ್ಲಿ ಆಂಟೆನಾ. ಅದನ್ನು ಮತ್ತೆ ಸಿಕ್ಕಿಸಲು ಅವನಿಗೆ ನೆನಪಾಗಿರಲಿಲ್ಲ.

“ಆಂಟೆನಾ ಹಾಕ್ಕೊಳ್ರಿ ಕಾಕಾ,” ಎಂದಳು ಮೆಲ್ಲಗೆ. “ಸೆಟ್ ಕೆಡತೈತಿ.”

ಪಾರಿಸ ಆಂಟೆನಾವನ್ನು ಕೂರಿಸಿ ತಿರುಚಿದ. ಬಿಗಿಯಾದ ಮೇಲೂ ತಿರುಚುತ್ತಿದ್ದ. ಆಮೇಲೆ ಬಂದು ಸ್ಟೂಲಿನ ಮೇಲೆ ಕುಳಿತ. ಅವಳು ಪರದೆಯ ಮೇಲಿನ ಆ ಸಾಲನ್ನು ಅಳಿಸಿದಳು. ಅಳಿಸಿದ್ದು ಅವನಿಗೆ ಕಾಣಲೆಂದು ಲ್ಯಾಪ್‌ಟಾಪನ್ನು ತುಸು ಅವನ ಕಡೆಗೆ ತಿರುಗಿಸಿದಳು.

“ಹೆಸರ ಹೇಳಿ ಕರದಿದ್ರ ಆಗತಿತ್ತಲ್ರಿ,” ಎಂದಳು.

“ಕರದ ಮ್ಯಾಲ ಯಾರರ ಓ ಅನಬೇಕಲ್ಲವಾ.”

“ಅಂತಿದ್ವಿ.”

“ಕರದಿದ್ದೆ,” ಎಂದ ಪಾರಿಸ. ದೂರಿನ ದನಿಯಲ್ಲಿ ಅಲ್ಲ, ಮೀಟರಿನ ಅಂಕಿ ಓದುವವನ ದನಿಯಲ್ಲಿ. “ನಿಮ್ದೇನೂ ತಪ್ಪಿಲ್ಲ. ಸಂಜಿಗಿ ಎಲ್ಲಾರ ಮನ್ಯಾಗೂ ಒಲಿ ಮ್ಯಾಲ ಏನರ ಇರತೈತಿ. ನನ್ನ ಒಲಿ ಅಷ್ಟೊತ್ತಿಗಿ ಆರಿರತೈತಿ, ಅಷ್ಟ.”

ಸೌಂದರ್ಯಾ ಉಗುರಿನಿಂದ ಮೇಜಿನ ಅಂಚನ್ನು ಕೆರೆಯುತ್ತಿದ್ದಳು. ಅವಳಿಗೆ ಒಂದು ಸಂಜೆ ನೆನಪಾಗಿರಬೇಕು, ಕುಕ್ಕರಿನ ಸಿಳ್ಳಿನ ನಡುವೆ ಕೇಳಿಸಿದ ಒಂದು ಕರೆ. ಕೆಲಸ ಬಲ್ಲವರು ಮಾಡುವಂತೆ ಕೆಲಸದ ಮಾತಿಗೆ ತಿರುಗಿದಳು.

“ಹೊಸಾದ್ರಾಗ ಇನ್ನೊಂದ ಅನುಕೂಲ ಐತ್ರಿ. ಸೆಟ್ಟಿನ ಮ್ಯಾಲಿನ ಯಾವುದರ ಒಂದ ಅಂಕಿಗಿ ಬೇಕಾದ ಕೆಲಸಾ ಕಟ್ಟಬಹುದು. ನೀವು ಮೈಕಿನ ಮ್ಯಾಲ ಏಳನೇ ಅಂಕಿ ಒತ್ರಿ, ಸೋಸಣಿಗಿ ಇದ್ರೂ ಗುಡ್ಡ ಹೂಂ ಅನ್ನೂ ಹಂಗ ಮಾಡತೀನಿ. ಯಾರ ಕೇಳಿದ್ರೂ ಬ್ಯಾಟರಿ ತಪಾಸಣಿ ಅಂತ ಹೇಳೂನು. ನೀವು ಗುಡ್ಡದ ಜವಾಬ್ದಾರ. ಯಾರ ಏನ ಅಂತಾರ?”

ಅವನು ಅದನ್ನು ಯೋಚಿಸಿದ, ಪ್ರಾಮಾಣಿಕವಾಗಿ. ನಾಳೆ ಸಂಜೆಯ ಕಿಟಕಿಯನ್ನು ಕಣ್ಣಮುಂದೆ ತಂದು, ಏಳನೆಯ ಅಂಕಿಯನ್ನು ಒತ್ತಿ ನೋಡಿದ. ಎರಡು ಸ್ವರಗಳು ಬಂದವು, ಹಳೆಯವೇ. ಆದರೆ ಅವು ಈಗ ಗುಡ್ಡದವಾಗಿರಲಿಲ್ಲ. ಚಿಕ್ಕೋಡಿಯ ಒಬ್ಬ ಒಳ್ಳೆಯ ಹೆಣ್ಣುಮಗಳು, ಒಂಟಿ ಮುದುಕನೊಬ್ಬನಿಗಾಗಿ, ಒಂದು ಭಾನುವಾರ ಕಟ್ಟಿಕೊಟ್ಟವಾಗಿದ್ದವು. ಅವನು ಯಾರೆಂದು ತಿಳಿಯದೆ ಹೂಂ ಎನ್ನುವುದೇ ಗುಡ್ಡದ ದೊಡ್ಡತನವಾಗಿತ್ತು. ತಿಳಿದ ಮೇಲೆ ಎಂದ ಹೂಂ ಬೇರೆ ಪದಾರ್ಥ.

“ಬ್ಯಾಡವಾ,” ಎಂದ.

“ಹಂಗಾರ ಸೋಸಣಿಗೀನಽ ಬ್ಯಾಡ. ಈ ಆವೃತ್ತಿಯಾಗ ಬರೋಬರ್ ಕೆಲಸಾ ಮಾಡವಲ್ದು ಅಂತ ನಾ ಹೇಳತೀನಿ. ಜಕ್ಕಪ್ಪ ಕಾಕಾಗ ಏನ ತಿಳೀತೈತಿ?”

“ಒಮ್ಮೆ ಸುಳ್ಳ ಹೇಳೀದಿ ನನ್ನ ಸಲುವಾಗಿ. ಸಾಕು.” ಅವನು ಕೈಚಾಚಿದ. “ತಾ ಇಲ್ಲೆ.”

ಅವಳು ಲ್ಯಾಪ್‌ಟಾಪನ್ನು ಅವನ ಮುಂದೆ ಸರಿಸಿದಳು. ಸೋಸಣಿಗೆ ಎದುರಿನ ಖಾಲಿ ಚೌಕದಲ್ಲಿ ಅವನು ಒಂದು ಸೆಕೆಂಡು ಎಂದು ತುಂಬಿದ. ಉಳಿಸಬೇಕೆ ಎಂದು ಯಂತ್ರ ಕೇಳಿತು. ಕಾರ್ಖಾನೆಯಲ್ಲಿ ಬಾಯ್ಲರಿನ ಮೀಟರಿನ ಕೀಲಿ ತಿರುಗಿಸುವಾಗ ಮಾಡುತ್ತಿದ್ದಂತೆ ಅವನು ಬೆರಳನ್ನೊಮ್ಮೆ ಅಂಗಿಗೆ ಒರೆಸಿಕೊಂಡ. ಉಳಿಸಿದ.

“ಒತ್ತಿ ನೋಡು,” ಎಂದ.

“ನಾ ಒಲ್ಲೆರಿ.”

“ತಪಾಸಣಿ ಮಾಡದ ಬಿಟ್ಟ ಹೋಗೂ ಪದ್ಧತಿ ಇಲ್ಲ.”

ಅವಳು ತನ್ನ ಕೈಸೆಟ್ಟು ತೆಗೆದು ಗುಂಡಿಯನ್ನು ಒತ್ತಿ ಬಿಟ್ಟಳು. ಯಂತ್ರದ ಮುಖದ ಮೇಲೆ ಹಸಿರು ದೀಪ ಹೊತ್ತಿ ಆರಿತು. ಕೆಂಪು ಹೊತ್ತಲಿಲ್ಲ. ಸದ್ದಿಲ್ಲ, ಉಸಿರಿಲ್ಲ. ಪಾರಿಸ ಆ ಹಸಿರನ್ನು ಮತ್ತೊಮ್ಮೆ ನೋಡಬೇಕೆಂದ. ಅವಳು ಮತ್ತೆ ಒತ್ತಿದಳು. ಬಯಲಿನಲ್ಲಿ ಕುಳಿತವನಿಗೆ ಗುಡ್ಡ ಕಿವುಡಾಗಿದೆಯೆಂದೇ ಅನಿಸುತ್ತದೆ. ಕೋಣೆಯೊಳಗೆ ನಿಂತವನಿಗೆ ಮಾತ್ರ ಕಾಣುತ್ತದೆ: ಅದಕ್ಕೆ ಎಲ್ಲವೂ ಕೇಳಿಸಿದೆ, ಅದು ಉತ್ತರಿಸಲಿಲ್ಲ.

“ಆತು,” ಎಂದ ಪಾರಿಸ. “ಚಲೋ ನಡ್ಯಾಕತ್ತೈತಿ.”

ಸೌಂದರ್ಯಾ ಲ್ಯಾಪ್‌ಟಾಪನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ನೀರಿನ ಬಾಟಲಿ, ಸ್ಕ್ರೂಡ್ರೈವರು, ಅವನಿಗೆಂದು ತಂದು ಕೊಡಲು ಮರೆತ ಬಾಳೆಹಣ್ಣು; ಹಣ್ಣನ್ನು ಹೊರತೆಗೆದು ಬ್ಯಾಟರಿಯ ಮೇಲಿಟ್ಟಳು, ಸೂರ್ಯ ಮುಳುಗಿದ್ದಾನೆಂದು ನೆನಪಾಗಿ ಮತ್ತೆ ಒಳಗಿಟ್ಟಳು.

“ಬರ್ರಿ, ನಿಪ್ಪಾಣಿತನಾ ಬಿಟ್ಟ ಹೋಗತೀನಿ.”

“ಬ್ಯಾಡ. ನಿನ್ನ ದಾರಿ ಬ್ಯಾರೆ. ಹುಡಿಗಿ ಹಾದಿ ಕಾಯತಿರತಾಳ. ಬೆಳಕ ಇರೂದ್ರಾಗ ಘಾಟ ಇಳಿ. ನಾ ಈ ತಂತಿ ಎಲ್ಲಾ ಕಟ್ಟಿಟ್ಟ ಬರ್ತೀನಿ; ಕೆಳಗ ಬಸ್ ಸಿಗತೈತಿ.”

ಅವಳು ಹೊಸ್ತಿಲಲ್ಲಿ ನಿಂತಳು. ಹೊರಗಿನ ಗಾಳಿಗೆ ಅವಳ ಸೆರಗು ಒಳಕ್ಕೆ ಹಾರುತ್ತಿತ್ತು.

“ನಾಳಿ ಕರೀರಿ ಕಾಕಾ. ಹೆಸರ ಹೇಳಿ ಕರೀರಿ. ದಿನಾ ಇರ್ತೀನಿ ಅಂತ ಮಾತ ಕೊಡಂಗಿಲ್ಲ, ಅದು ಸುಳ್ಳಾಗತೈತಿ. ಇದ್ರ ಮಾತಾಡತೀನಿ.”

ಪಾರಿಸ ಕೇಬಲ್ಲನ್ನು ಮೊಣಕೈಗೂ ಹೆಬ್ಬೆರಳಿಗೂ ಹಾಕಿ ಸುತ್ತುತ್ತಿದ್ದ. ಸುತ್ತು ತಪ್ಪಿತು, ಬಿಚ್ಚಿ ಮೊದಲಿನಿಂದ ಶುರುಮಾಡಿದ. ಕರೆಯುತ್ತೇನೆ ಎನ್ನಲು ಬಾಯಿ ತೆರೆದ. ನಾಳೆಯ ಸಂಜೆ, ತನ್ನ ಹೆಸರು, ಅದರ ನಂತರದ ಗಾಳಿ, ಎಲ್ಲವೂ ಆ ಒಂದು ಶಬ್ದದ ಹಿಂದೆ ಸಾಲುಗಟ್ಟಿ ನಿಂತವು.

“ಹುಷಾರ ಹೋಗವಾ,” ಎಂದ.

ಅವಳು ಇನ್ನೂ ತುಸು ಹೊತ್ತು ಕಾದಳು. ಆಮೇಲೆ ಚೀಲವನ್ನು ಹೆಗಲ ಮೇಲೆ ಸರಿಮಾಡಿಕೊಂಡು ಹೊರಗೆ ಹೆಜ್ಜೆಯಿಟ್ಟಳು. ಕಬ್ಬಿಣದ ಬಾಗಿಲು ತನ್ನ ಭಾರಕ್ಕೆ ತಾನೇ ವಾಲಿ, ಅವಳ ಹಿಂದೆ ಮುಚ್ಚಿಕೊಂಡಿತು.